ಸೂಜಿ ಪೋಣಿಸಿದ ಕಣ್ಣು

ಇಳಕಲ್ಲಿನ ನೇಕಾರರ ಓಣಿಯಲ್ಲಿ ಕಾಶಪ್ಪನ ಮನೆ ಎಲ್ಲಿ ಎಂದು ಕೇಳಿದರೆ ಯಾರೂ ಬಾಗಿಲಿನ ಬಣ್ಣ ಹೇಳುತ್ತಿರಲಿಲ್ಲ. "ಸೂಜಿಗಣ್ಣಿನ ಹುಡಿಗ್ಯಾರು ಅದಾರಲ್ರೀ, ಅವ್ರ ಮನಿ" ಎನ್ನುತ್ತಿದ್ದರು.

ಆ ಹೊಗಳಿಕೆ ಪುಕ್ಕಟೆ ಬಂದದ್ದಲ್ಲ. ಇಳಕಲ್ ಸೀರೆಯ ಒಡಲಿನ ಹಾಸು, ಅಂದರೆ ಉದ್ದನೆಯ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಮಗ್ಗದ ಮೇಲೆ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಕಾಶಪ್ಪನ ಹೆಣ್ಣುಮಕ್ಕಳು, ಹಿರಿಯಳು ಬಸವೇಶ್ವರಿ, ಕಿರಿಯಳು ಮಹೇಶ್ವರಿ, ಮೂಗು ತಾಗುವಷ್ಟು ಬಗ್ಗಿ ಕೂತರೆ ಒಂದೂ ಎಳೆ ತಪ್ಪದ ಹಾಗೆ ಕೂಡಿಸಿಬಿಡುತ್ತಿದ್ದರು. ತಾಯಿಯಿಲ್ಲದ ಆ ಇಬ್ಬರನ್ನೂ ಸಾಕಿ ಬೆಳೆಸಿದ ಅಜ್ಜಿ ಗುರುಸಿದ್ದವ್ವ ಬಂದವರಿಗೆಲ್ಲ ಅದನ್ನು ತೋರಿಸಿ ಬೀಗುತ್ತಿದ್ದಳು. "ಹದ್ದಿನ ಕಣ್ಣವಾ ನನ್ನ ಮೊಮ್ಮಕ್ಕಳದು!"

ಹದ್ದಿನ ಕಣ್ಣಿನವರು ಮೂಗು ತಾಗುವಷ್ಟು ಯಾಕೆ ಬಗ್ಗುತ್ತಾರೆ ಎಂದು ಒಬ್ಬರಾದರೂ ಕೇಳಬೇಡವೇ? ಯಾರೂ ಕೇಳಲಿಲ್ಲ.

ಬಸವೇಶ್ವರಿಗೆ ಕೈಯಳತೆಯ ಲೋಕ ಮಾತ್ರ ಖರೆ ಲೋಕವಾಗಿತ್ತು. ಅದರಾಚೆ ಏನಿದ್ದರೂ ಒಲೆಯ ಹೊಗೆಯೊಳಗೆ ನಿಂತಂತೆ. ಸಾಲಿಯಲ್ಲಿ ಕರಿಹಲಗೆಯ ಮೇಲೆ ಅಕ್ಷರಗಳಿವೆ ಎಂದು ಅವಳು ನಂಬಿದ್ದಳು, ಕಂಡಿರಲಿಲ್ಲ. ಪಕ್ಕದಲ್ಲಿ ಕೂಡುತ್ತಿದ್ದ ಲಲಿತಾಳ ವಹಿ ನೋಡಿ ಬರೆದುಕೊಳ್ಳುತ್ತಿದ್ದಳು. ಎಲ್ಲರಿಗೂ ಹೀಗೇ ಕಾಣುತ್ತದೆ, ತನಗಷ್ಟೇ ಓದು ತಲೆಗೆ ಹತ್ತುವುದಿಲ್ಲ ಎಂದು ತಿಳಿದಿದ್ದಳು ಪಾಪ. ಒಂದು ದಿನ ಸಾಲಿಗೆ ಕಣ್ಣು ತಪಾಸಣೆಯವರು ಬಂದು ಹೋದ ಮೇಲೆ ಮಾಸ್ತರು ಗುರುಸಿದ್ದವ್ವನನ್ನು ಕರೆಸಿದರು.

"ಹುಡಿಗಿಗೆ ದೂರದ್ದು ಕಾಣಂಗಿಲ್ಲರಿ. ಚಾಳೀಸ ಹಾಕಸ್ರಿ."

"ಏನ್ ಮಾತಂತ ಆಡ್ತೀರಿ ಮಾಸ್ತರ? ರೇಷ್ಮಿ ಎಳಿ ಕೂಡಸ್ತಾಳ ನನ್ನ ಮೊಮ್ಮಗಳು! ನಿಮ್ಗ ಆಗ್ತದೇನ್ರಿ? ಹೆಣ್ಣುಕೂಸಿನ ಮಕದ ಮ್ಯಾಲ ಗಾಜ ಕಂಡ್ರ ನಾಳೆ ಯಾವ ಗಂಡು ನಮ್ಮ ಓಣಿ ತುಳೀತದ?"

ಅಲ್ಲಿಗೆ ಅದು ಮುಗಿಯಿತು. ಮನೆಗೆ ಬಂದು ಗುರುಸಿದ್ದವ್ವ ಮೆಣಸಿನಕಾಯಿ ಉಪ್ಪು ನಿವಾಳಿಸಿ ಒಲೆಗೆ ಹಾಕಿದಳು, ನೆತ್ತಿಗೆ ಔಡಲೆಣ್ಣೆ ತಟ್ಟಿದಳು, ಕಣ್ಣಿಗೆ ಗುಲಾಬಿ ನೀರು ಬಿಟ್ಟಳು. "ಒಮ್ಮೆ ಆ ಚಾಳೀಸ ಹಾಕಿದ್ರ ಕಣ್ಣು ಅದಕ್ಕ ರೂಢಿ ಆಗಿ ಪೂರಾ ಕೆಡ್ತಾವು" ಎಂದು ಮಗನಿಗೆ ತಿಳಿಹೇಳಿದಳು. ಕಾಶಪ್ಪ ತಾಯಿಗೆ ಎದುರಾಡುವ ಗಂಡಸಲ್ಲ. ಹೂಂ ಎಂದು ಮಗ್ಗದ ಕುಣಿಗೆ ಇಳಿದ.

ಲಲಿತಾಳಿಗೆ ಲಗ್ನವಾಗಿ ಹೋದ ಮೇಲೆ ಬಸವೇಶ್ವರಿಗೆ ಸಾಲಿಯೂ ಇಲ್ಲ, ಗೆಳತಿಯೂ ಇಲ್ಲ. ಓಣಿಯಲ್ಲಿ ನಡೆದು ಹೋಗುವಾಗ ಎದುರು ಮನೆಯ ಕಟ್ಟೆಯಿಂದ ಯಾರಾದರೂ ನಕ್ಕರೆ ಅವಳಿಗೆ ಕಾಣುತ್ತಿರಲಿಲ್ಲ, ಹಾಗಾಗಿ ತಿರುಗಿ ನಗುತ್ತಿರಲಿಲ್ಲ. "ಎಷ್ಟ್ ಸೊಕ್ಕ ಅಂತೀನಿ! ಮಾತಾಡ್ಸಿದ್ರೂ ಮಕ ಎತ್ತಂಗಿಲ್ಲ" ಎಂದು ಜನ ಆಡಿಕೊಂಡರು. ಆಡಿಕೊಂಡವರು ಬರಬರುತ್ತ ನಗುವುದನ್ನೂ ಬಿಟ್ಟರು. ನಗು ಯಾವಾಗ ನಿಂತಿತು ಎನ್ನುವುದೂ ಅವಳಿಗೆ ತಿಳಿಯಲಿಲ್ಲ.

ಇನ್ನು ಲಗ್ನದ ಮಾತು. ಆ ಕಡೆಯ ಕೆಲವು ಮನೆತನಗಳಲ್ಲಿ ಕನ್ಯಾ ನೋಡಲು ಬಂದ ಹಿರಿಯ ಹೆಂಗಸು ಸಂಚಿಯಿಂದ ಸೂಜಿದಾರ ತೆಗೆದು ಹುಡುಗಿಯ ಕೈಗೆ ಕೊಡುತ್ತಾಳೆ. ಹುಡುಗಿ ಎಲ್ಲರೆದುರು ದಾರ ಪೋಣಿಸಬೇಕು. ಪೋಣಿಸಿದರೆ ಕಣ್ಣು ಗಟ್ಟಿ. ಹಿಂದಿನವರು ಯಾವ ಕಾಲಕ್ಕೆ ಮಾಡಿದ ಪರೀಕ್ಷೆಯೋ ಏನೋ, ಅದರ ಮೇಲೆ ಇವರಿಗೆ ಅಷ್ಟು ಭರವಸೆ. ಹತ್ತಿರದ್ದು ಚೆಂದ ಕಂಡು ದೂರದ್ದು ಕಾಣದ ಕಣ್ಣಿಗೆ ಇದಕ್ಕಿಂತ ಸುಲಭದ ಪರೀಕ್ಷೆ ಬೇರೆ ಇದೆಯೇ ಹೇಳಿ! ಬಸವೇಶ್ವರಿ ಸೂಜಿಯನ್ನು ಕಣ್ಣ ಹತ್ತಿರ ತಂದು ಒಂದೇ ಸಲಕ್ಕೆ ಪೋಣಿಸಿಬಿಟ್ಟಳು. ಮರೋಳದ ಬೀಗರು ಸೈ ಅಂದರು. ದುಂಡೇಶನ ಕೈಹಿಡಿದು ಅವಳು ಆ ಊರಿಗೆ ಹೋದಳು.

ಹೊರಡುವಾಗ ಅಜ್ಜಿ ಕಿವಿಯಲ್ಲಿ ಹೇಳಿ ಕಳಿಸಿದ್ದಳು. "ದೂರದ್ದು ಕಾಣಂಗಿಲ್ಲ ಅಂತ ಬಾಯಿ ಬಿಟ್ಟೀ ಅಂದ್ರ, ಮೋಸ ಮಾಡಿ ಕೊಟ್ರು ಅಂತ ತಿರುಗಿ ಕಳಸ್ತಾರ. ನಿನ್ನ ತಂಗಿ ಬ್ಯಾರೆ ಬೆಳ್ಯಾಕ ಹತ್ಯಾಳ. ನೆನಪಿಡು."

ಬಸವೇಶ್ವರಿ ನೆನಪಿಟ್ಟಳು. ಮಾವ ಅಂಗಳಕ್ಕೆ ಬಂದದ್ದು ಕಾಣದೆ ತಲೆಯ ಮೇಲೆ ಸೆರಗಿಲ್ಲದೆ ಕೂತು ಬೈಸಿಕೊಂಡಳು. ಬೇರೆ ಯಾರನ್ನೋ ಗಂಡನೆಂದು ತಿಳಿದು ಕೂಗಿ ಓಣಿಯವರ ನಗೆಗೆ ಈಡಾದಳು. ಹೊಲದಲ್ಲಿ ಅತ್ತೆ ದೂರದಿಂದ ಕೈಬೀಸಿ ಕರೆದರೆ ಇವಳು ನಿಂತಲ್ಲೇ ನಿಂತಿರುತ್ತಿದ್ದಳು. ದುಂಡೇಶ ಕೆಟ್ಟವನಲ್ಲ. "ಯಾಕ ಹಿಂಗ ಮಾಡ್ತೀ?" ಎಂದು ಒಂದೆರಡು ಸಲ ಸಮಾಧಾನದಿಂದಲೇ ಕೇಳಿದ್ದ. ಅವನಿಗೂ ಹೇಳಲಿಲ್ಲ. ಗಂಡನ ಮಗ್ಗುಲಲ್ಲಿ ಮಲಗಿಯೂ ಒಬ್ಬಳೇ ಇದ್ದಳು ಆ ಹುಡುಗಿ.

ಮಗಳು ನೀಲವ್ವ ಹುಟ್ಟಿದ ಮೇಲೆ ಒಂದಿಷ್ಟು ಸುಖ ಕಂಡಳು. ಕೂಸು ಯಾವಾಗಲೂ ಎದೆಯ ಮೇಲೆ, ಮುಖಕ್ಕೆ ಮುಖ ತಾಗಿಸಿಕೊಂಡೇ ಇರುತ್ತದಲ್ಲ. ಅದರ ರೆಪ್ಪೆಯ ಒಂದೊಂದು ಕೂದಲೂ ಅವಳಿಗೆ ಕಾಣುತ್ತಿತ್ತು. ಕೂಸು ಕೈಯಳತೆ ದಾಟಿ ಓಡಲು ಕಲಿತಾಗ ಮಾತ್ರ ಅವಳಿಗೆ ಭಯ ಹತ್ತಿತು. ಕಾಲಿಗೆ ಗೆಜ್ಜೆ ಕಟ್ಟಿದಳು, ಸಪ್ಪಳದಿಂದ ಗೊತ್ತಾಗಲಿ ಎಂದು.

ಆ ದಿನ ಹೊಲದಲ್ಲಿ ಬದುವಿನ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದಳು. ಕಾಲುವೆಗೆ ನೀರು ಬಿಟ್ಟು ಪಂಪಿನ ಸದ್ದು ಜೋರಾಗಿತ್ತು. ಗೆಜ್ಜೆ ಕೇಳಲಿಲ್ಲ. ತಲೆಯೆತ್ತಿ ನೋಡಿದಳು. ಕಾಲುವೆಯ ಏರಿಯ ಮೇಲೆ ಹಳದಿ ಬಣ್ಣದ್ದೊಂದು ಅಲುಗಾಡುತ್ತಿತ್ತು. ಏರಿಯ ಉದ್ದಕ್ಕೂ ಸೂರ್ಯಕಾಂತಿ ಹೂಬಿಟ್ಟಿತ್ತು. ಗಾಳಿಗೆ ಹೂವು ಅಲುಗಿತು ಅಂದುಕೊಂಡಳು. ಕೂಸು ಹಿಂದೆ ಗುಡಿಸಲಲ್ಲಿ ಅತ್ತೆಯ ಹತ್ತಿರ ಇದೆಯೆಂದು ತಿಳಿದು ರೊಟ್ಟಿ ಮುರಿದಳು. ಅವತ್ತು ಅವಳೇ ಕೂಸಿಗೆ ಹಳದಿ ಅಂಗಿ ತೊಡಿಸಿದ್ದಳು.

ಇದಕ್ಕಿಂತ ಹೆಚ್ಚು ಹೇಳಲು ನನಗೆ ಮನಸ್ಸಿಲ್ಲ.

ಗುಡಿಸಲಿನಿಂದ ಹೊರಬಂದ ಅತ್ತೆ ಕೂಸು ಕಾಲುವೆಗೆ ಜಾರಿದ ಕೊನೆಯ ಗಳಿಗೆ ಕಂಡಿದ್ದಳು. ಸೊಸೆ ಆ ಕಡೆಗೇ ಮುಖ ಮಾಡಿ ಕೂತದ್ದನ್ನೂ ಕಂಡಿದ್ದಳು. "ಕೂಸು ಹೋಗೂದನ್ನ ಕಣ್ಣಾರೆ ನೋಡ್ಕೋತ ರೊಟ್ಟಿ ತಿಂದ್ಲು ಈಕಿ! ಇಂಥಾಕಿ ತಾಯೇನ್ರೀ?" ಎಂದು ಊರಿಗೆಲ್ಲ ಕೇಳುವಂತೆ ಅತ್ತಳು. ನನಗೆ ಕಾಣಲಿಲ್ಲ ಎಂದು ಬಸವೇಶ್ವರಿ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ತಂಗಿ ಬೆಳೆಯುತ್ತಿದ್ದಳಲ್ಲ! ಮಣ್ಣು ಮುಗಿಸಿದ ಮೇಲೆ ದುಂಡೇಶ ಅವಳನ್ನು ಇಳಕಲ್ಲಿಗೆ ತಂದು ಬಿಟ್ಟು, ನೀರೂ ಕುಡಿಯದೆ ತಿರುಗಿ ಹೋದ.

ತವರಿನಲ್ಲಿ ಅವಳಿಗೆ ಒಳಕೋಣೆ ಸಿಕ್ಕಿತು. ಯಾರೂ ಬೈಯಲಿಲ್ಲ, ಯಾರೂ ಹೆಚ್ಚು ಮಾತಾಡಲೂ ಇಲ್ಲ. ಎಲ್ಲ ಹಣೆಬರಹ ಎಂದು ಅಜ್ಜಿ ವಿಭೂತಿ ಹಚ್ಚಿದಳು. ಅವಳು ರಾಟಿ ತಿರುವುತ್ತ, ನೂಲು ಸುತ್ತುತ್ತ ದಿನ ಕಳೆದಳು. ಹಬ್ಬ ಬಂದರೂ ಓಣಿಯ ಹೆಂಗಸರು ಅವಳನ್ನು ಕುಂಕುಮಕ್ಕೆ ಕರೆಯಲಿಲ್ಲ.

ಮುಂದಿನ ವರ್ಷ ಗುರುಸಿದ್ದವ್ವನ ಕಣ್ಣಿಗೆ ಪೊರೆ ಬಂತು. ಬಾಗಲಕೋಟೆಯ ಕಣ್ಣಿನ ದವಾಖಾನೆಯಲ್ಲಿ ಆಪರೇಶನ್ ಮಾಡಿಸಿ, ಮತ್ತೆ ತೋರಿಸಲು ಬಸವೇಶ್ವರಿಯೇ ಕರೆದುಕೊಂಡು ಹೋದಳು. ಅಲ್ಲಿನ ಡಾಕ್ಟರ್ ವಿದ್ಯಾ ಮುದುಕಿಯ ಚೀಟಿ ಕೊಟ್ಟಳು. ಬಸವೇಶ್ವರಿ ಅದನ್ನು ಮೂಗಿಗೆ ಹಚ್ಚಿಕೊಂಡು ಓದಿದ್ದನ್ನು ಕಂಡು ಡಾಕ್ಟರ್ ಸುಮ್ಮನಾಗಲಿಲ್ಲ.

"ನೀ ಬಾ ಇಲ್ಲಿ. ಆ ಗ್ವಾಡಿ ಮ್ಯಾಲಿನ ಅಕ್ಷರ ಓದು."

"ಗ್ವಾಡಿ ಕಾಣ್ತೈತ್ರಿ. ಅಕ್ಷರ ಎಲ್ಲಿ ಅದಾವ್ರಿ?"

ಡಾಕ್ಟರ್ ಅವಳನ್ನು ಕೂಡಿಸಿ, ಕಣ್ಣಿನ ಮುಂದೆ ಕಬ್ಬಿಣದ ಚೌಕಟ್ಟು ಇಟ್ಟು, ಒಂದೊಂದೇ ಗಾಜು ಬದಲಿಸುತ್ತ ಬಂದಳು. ಕೊನೆಯ ಗಾಜು ಬಿದ್ದಾಗ ಬಸವೇಶ್ವರಿಗೆ ಎದುರಿನ ಗೋಡೆಯ ಅಕ್ಷರ ಕಂಡವು. ಕಿಟಕಿಯಾಚೆ ಬೇವಿನ ಮರ ಕಂಡಿತು. ಆ ಮರಕ್ಕೆ ಎಲೆಗಳಿದ್ದವು, ಎಲೆಗೆ ಎಲೆ ಬೇರೆ ಬೇರೆ. ಮರವೆಂದರೆ ಒಂದು ಹಸಿರು ಮುದ್ದೆ ಎಂದೇ ಇಷ್ಟು ವರ್ಷ ತಿಳಿದಿದ್ದಳು ಅವಳು.

"ಇಷ್ಟ ಏನ್ರಿ?" ಎಂದಳು. "ಬರೇ ಇದಷ್ಟ ಬೇಕಿತ್ತೇನ್ರಿ?"

"ಹೂಂ, ಇಷ್ಟ. ನಿನ್ನ ಕಣ್ಣಿನ ಗುಡ್ಡಿ ಇರ್ಬೇಕಾದ್ದಕ್ಕಿಂತ ಸ್ವಲ್ಪ ಉದ್ದ ಐತಿ. ದೂರದ ವಸ್ತುವಿನ ಚಿತ್ರ ಒಳಗಿನ ಪರದೆ ಮ್ಯಾಲ ಬೀಳೂ ಬದ್ಲಿ ಅದಕ್ಕಿಂತ ಮುಂದನ ಬೀಳ್ತದ. ಅದಕ್ಕ ಮಸುಕು. ಗಾಜು ಅದನ್ನ ಪರದೆಗೆ ಮುಟ್ಟಸ್ತದ. ಹತ್ರದ್ದು ಚೆಂದ ಕಾಣ್ತದಲ್ಲ, ಅದಕ್ಕ ಮನ್ಯಾಗ ಯಾರ್ಗೂ ತಿಳ್ದಿಲ್ಲ."

ಕರಿಕನ್ನಡಕ ಹಾಕಿಕೊಂಡು ಬೆಂಚಿನ ಮೇಲೆ ಕೂತಿದ್ದ ಗುರುಸಿದ್ದವ್ವ ಬಾಯಿ ಹಾಕಿದಳು. "ಚಾಳೀಸ ಹಾಕಿದ್ರ ನಂಬರ ಏರ್ತದಂತಲ್ಲ ಬಾಯಾರ? ಅದರ ಬದ್ಲಿ ಎಣ್ಣಿಗಿಣ್ಣಿ, ಡ್ರಾಪ್ಸ್ ಏನರ ಕೊಡ್ರಿ."

"ಎಣ್ಣಿಯಿಂದ ಗುಡ್ಡಿ ಗಿಡ್ಡ ಆಗಂಗಿಲ್ಲ, ಅಜ್ಜಿ. ಬೆಳ್ಯೂ ವಯಸ್ಸಿನಾಗ ನಂಬರ ಏರೂದು ಏರ್ತದ, ಚಾಳೀಸ ಹಾಕಿದ್ರಿಂದ ಅಲ್ಲ. ಅದಕ್ಕ ವರ್ಷಕ್ಕೊಮ್ಮೆ ತಪಾಸು ಮಾಡಸ್ಬೇಕು. ಸಣ್ಣ ಮಕ್ಕಳನ್ನ ದಿನಾ ಸ್ವಲ್ಪ ಹೊತ್ತು ಬಯಲಾಗ, ಬೆಳಕಿನಾಗ ಆಡಾಕ ಬಿಡ್ಬೇಕು." ಮತ್ತೆ ಬಸವೇಶ್ವರಿಯ ಕಡೆ ತಿರುಗಿ, "ಕಣ್ಣಾಗ ಮಿಂಚು ಹೊಡ್ದಂಗ ಆದ್ರ, ಕರೆ ಪರದೆ ಇಳದಂಗ ಆದ್ರ ಅವತ್ತಿಂದ ಅವತ್ತ ಬರ್ಬೇಕು, ತಡಾ ಮಾಡ್ಬಾರ್ದು. ಮನ್ಯಾಗ ಅಕ್ಕ ತಂಗಿ ಅದಾರೇನು? ಅವ್ರದೂ ತೋರಸು. ಇದು ವಂಶದಾಗ ಹರೀತದ" ಎಂದಳು.

ಬಸವೇಶ್ವರಿ ಮುಂದಿನದೇನನ್ನೂ ಕೇಳಿಸಿಕೊಳ್ಳಲಿಲ್ಲ. ಬೇವಿನ ಕೆಳಗೆ ಯಾರದೋ ಕೂಸು ಬಿಸ್ಕೀಟು ತಿನ್ನುತ್ತಿತ್ತು. ಅಷ್ಟು ದೂರದಿಂದ ಅದರ ಗಲ್ಲಕ್ಕೆ ಅಂಟಿದ ಪುಡಿ ಅವಳಿಗೆ ಕಾಣುತ್ತಿತ್ತು. ಅವಳು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದಳು.

ಚಾಳೀಸ ಕೈಗೆ ಬಂದ ದಿನ ಬಸ್ಸಿನಲ್ಲಿ ಉದ್ದಕ್ಕೂ ಹಾಕಿಕೊಂಡಿದ್ದಳು. ಇಳಕಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುತ್ತಲೇ ಅಜ್ಜಿ ಅಂದಳು, "ತಗೀ ಅದನ್ನ."

"ಆಯೀ, ನೀ ಹಾಕ್ಕೊಂಡೀಯಲ್ಲ?"

"ನಂದು ವಯಸ್ಸಾದ ಕಣ್ಣು, ನನ್ನ ಯಾರ್ ಮಾಡ್ಕೊಬೇಕಾಗೈತಿ? ಮಹೇಶಿನ ನೋಡಾಕ ಕಮತಗಿಯವ್ರು ಬರಾವ್ರು ಅದಾರ. ಅಕ್ಕಗ ಚಾಳೀಸ ಐತಿ ಅಂದ್ರ ತಂಗಿ ಕಣ್ಣ ಮ್ಯಾಲೂ ಮಾತ ಬರ್ತದ. ನಿನ್ನ ಬಾಳೇ ಅಂತೂ ಮುಗೀತು. ಆಕೀದರ ಆಗ್ಲಿ."

ಆಕೆಗೂ ಮೊಮ್ಮಗಳ ಮೇಲೆ ಪ್ರೀತಿಯೇ. ಇಂಥ ಪ್ರೀತಿಯನ್ನು ಏನು ಮಾಡಬೇಕು ಹೇಳಿ! ಬಸವೇಶ್ವರಿ ಚಾಳೀಸ ತೆಗೆದು ಕುಪ್ಪಸದೊಳಗೆ ಇಟ್ಟುಕೊಂಡಳು. ಲೋಕ ಮತ್ತೆ ಮಸುಕಾಯಿತು. ಆದರೆ ಮೊದಲಿನ ಮಸುಕಿಗೂ ಈ ಮಸುಕಿಗೂ ಬಹಳ ಫರಕಿತ್ತು. ಮೊದಲು ಅವಳಿಗೆ ಗೊತ್ತಿರಲಿಲ್ಲ.

ಕಮತಗಿಯವರು ಒಂದು ಸೋಮವಾರ ಬಂದರು. ವರ ಚೇತನಕುಮಾರ, ಅಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟವನು, ಪಡಸಾಲೆಯ ಆ ತುದಿಗೆ ಬಾಗಿಲ ಬಳಿ ಕೂತ. ಅವನ ಸೋದರತ್ತೆ ಇಂದ್ರವ್ವ ಈ ಕಡೆ ಜಮಖಾನೆಯ ಮೇಲೆ ಜಾಂಡಾ ಊರಿದಳು. ಬಸವೇಶ್ವರಿಗೆ ಒಳಕೋಣೆಯಿಂದ ಹೊರಗೆ ಬರಬಾರದೆಂದು ಅಪ್ಪಣೆಯಾಗಿತ್ತು. ಅವಳು ಕದದ ಹಿಂದೆ ಕತ್ತಲಲ್ಲಿ ನಿಂತು ಚಾಳೀಸ ಹಾಕಿಕೊಂಡು ಸಂದಿಯಿಂದ ನೋಡಿದಳು. ಮಹೇಶ್ವರಿ ಅಡಿಕೆ ತಟ್ಟೆ ಹಿಡಿದು ಬಂದಳು, ನೆಲ ನೋಡುತ್ತ, ಹೆಜ್ಜೆ ಎಣಿಸಿದಂತೆ ಇಡುತ್ತ. ಜನ ಅದನ್ನು ನಾಚಿಕೆ ಅಂದುಕೊಂಡರು.

"ಭಾಳ ಮರ್ಯಾದಿ ಹುಡಿಗಿ" ಎಂದಳು ಇಂದ್ರವ್ವ. ಸಂಚಿ ಬಿಚ್ಚಿ ಸೂಜಿದಾರ ತೆಗೆದಳು. "ತಗೋವಾ, ಪೋಣಸು. ಏನಿಲ್ಲ, ನಮ್ಮ ಮನಿ ಪದ್ಧತಿ."

ಮಹೇಶ್ವರಿ ಸೂಜಿ ಮುಖದ ಹತ್ತಿರ ತಂದಳು. ದಾರ ಒಂದೇ ಸಲಕ್ಕೆ ದಾಟಿತು.

"ಅಬ್ಬಬ್ಬಾ! ಏನ್ ಕಣ್ಣರೀ!"

"ನಮ್ಮ ಮನಿ ಕಣ್ಣ ಅಂದ್ರ ಅಷ್ಟರಿ" ಎಂದು ಗುರುಸಿದ್ದವ್ವ ನಕ್ಕಳು. ಕಾಶಪ್ಪ ಕೈಮುಗಿದ. ಎಲೆ ಅಡಿಕೆಗೆ ಕೈ ಹೋಯಿತು.

ಬಸವೇಶ್ವರಿ ತಂಗಿಯ ಮುಖ ನೋಡುತ್ತಿದ್ದಳು. ಆ ಹುಡುಗಿ ಬಾಗಿಲ ಕಡೆಗೆ ನೋಡುತ್ತ, ಎಲ್ಲಿ ನಗಬೇಕೆಂದು ತಿಳಿಯದೆ ವರನ ಪಕ್ಕದ ಕಂಬದ ಕಡೆಗೆ ತಿರುಗಿ ನಗುತ್ತಿದ್ದಳು. ಬಸವೇಶ್ವರಿ ಕದ ತೆರೆದು ಹೊರಗೆ ಬಂದಳು, ಮುಖದ ಮೇಲೆ ಚಾಳೀಸ ಇಟ್ಟುಕೊಂಡೇ.

"ಒಳಗ ಹೋಗು!" ಎಂದಳು ಅಜ್ಜಿ.

"ಹೋಗಂಗಿಲ್ಲ ಆಯೀ." ಅವಳು ಇಂದ್ರವ್ವನ ಕಡೆ ತಿರುಗಿದಳು. "ನಾ ಇಕೀ ಅಕ್ಕರಿ. ನಾನೂ ಹಿಂಗ ಸೂಜಿ ಪೋಣಿಸಿ ಲಗ್ನ ಆದಾಕಿ. ಮಹೇಶೀ, ಆ ಬಾಗಲದಾಗ ಕುಂತಾರಲ್ಲ, ಅವ್ರು ನಗಾಕ ಹತ್ಯಾರೋ ಸಿಟ್ಟಾಗ್ಯಾರೋ ಹೇಳವಾ."

ಮಹೇಶ್ವರಿ ಕಣ್ಣು ಕಿರಿದು ಮಾಡಿದಳು.

"ಅವ್ರ ಮಕಾನ ಕಾಣವಲ್ದು ಅಕ್ಕಾ" ಎಂದು ಅಳುದನಿಯಲ್ಲಿ ಅಂದಳು.

"ಕೇಳಿದ್ರೇನ್ರಿ? ಸೂಜಿ ಕಾಣ್ತದ, ಮನಶ್ಯಾ ಕಾಣಂಗಿಲ್ಲ. ಇದು ರೋಗಲ್ಲ, ಪಾಪಲ್ಲ, ಒಂದ್ ಗಾಜಿನ ಮಾತು. ಅದನ್ನ ಮುಚ್ಚಿಟ್ರು ನಂದು."

"ಬಾಯಿ ಮುಚ್ಚು, ತಂಗಿ ಬಾಳೇ ಹಾಳ ಮಾಡ್ತೀಯೇನ?" ಗುರುಸಿದ್ದವ್ವ ಎದ್ದು ನಿಂತಳು.

"ಮುಚ್ಚೇ ಇದ್ನಲ್ಲ ಆಯೀ! ಮುಚ್ಚಿದ್ದಕ್ಕ ನನ್ನ ಕೂಸು ಹೋತು. ಏರಿ ಮ್ಯಾಲ ಹಳದಿ ಕಂಡಿತ್ತು ನನಗ. ಸೂರ್ಯಪಾನದ ಹೂ ಅಂತ ತಿಳದೆ. ಹೂವಲ್ಲ ಅದು, ನನ್ನ ನೀಲು. ನಾ ನೋಡ್ಕೋತ ಕುಂತಿದ್ದೆ ಅಂತ ಊರೆಲ್ಲ ಹೇಳ್ತೈತಿ. ನನಗ ಕಾಣಲಿಲ್ಲ ಅಪ್ಪಾ. ನನಗ ಕಾಣಲಿಲ್ಲ!"

ಕಾಶಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಮಹೇಶ್ವರಿ ಸೂಜಿಯನ್ನು ತಟ್ಟೆಯಲ್ಲಿಟ್ಟಳು. "ಅತ್ತಿಯಾರ, ಮೊದ್ಲ ನನಗ ಚಾಳೀಸ ಆಗ್ಲಿ. ಮಾಡ್ಕೊಳ್ಳಾವ್ರ ಮಕಾ ನೋಡಿ ಆಮ್ಯಾಲ ನಾ ಹೂಂ ಅಂತೇನಿ."

"ಹಿಂಗೂ ಉಂಟೇನವಾ!" ಇಂದ್ರವ್ವ ಸೂಜಿ ತೆಗೆದು ಸಂಚಿಗೆ ಹಾಕಿದಳು. ಅವರು ಉಪ್ಪಿಟ್ಟು ಮುಟ್ಟದೆ ಎದ್ದು ಹೋದರು. ಚೇತನಕುಮಾರ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು ತಿರುಗಿ ನೋಡಿದ, ಏನೋ ಅನ್ನಬೇಕೆಂದಿದ್ದ, ಅತ್ತೆ ಕೂಗಿದಳೆಂದು ನಡೆದ. ಅದು ಬಸವೇಶ್ವರಿಗೆ ಕಂಡಿತು, ಮಹೇಶ್ವರಿಗೆ ಕಾಣಲಿಲ್ಲ.

ಆ ಸಂಜೆ ಮಗ್ಗ ಸದ್ದು ಮಾಡಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಗುರುಸಿದ್ದವ್ವ ಒಳಕೋಣೆಯ ಬಾಗಿಲಿಗೆ ಬಂದು ಕೂತಳು. ಮೊಮ್ಮಗಳ ಚಾಳೀಸದ ಕಡೆ ಬೆರಳು ಮಾಡಿ ಕೇಳಿದಳು, "ಬಸವ್ವಾ, ಇದು ಇದ್ದಿದ್ರ... ಅವತ್ತು ಕೂಸು ಕಾಣ್ತಿತ್ತೇನು?"

ಇಲ್ಲ ಎಂದುಬಿಟ್ಟರೆ ಮುದುಕಿಗೆ ನಿದ್ದೆಯಾದರೂ ಬಂದೀತು. ಬಸವೇಶ್ವರಿ ಹಾಗೆ ಹೇಳಲಿಲ್ಲ.

"ಕಾಣ್ತಿತ್ತು, ಆಯೀ."

ಗುರುಸಿದ್ದವ್ವ ತನ್ನ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕೂತಳು.

ಬೆಳಿಗ್ಗೆ ಅಕ್ಕ ತಂಗಿ ಬಾಗಲಕೋಟೆಗೆ ಹೊರಟರು. ಬಸವೇಶ್ವರಿ ರೂಢಿಯಂತೆ ಹೊಸ್ತಿಲ ಹತ್ತಿರ ಚಾಳೀಸಕ್ಕೆ ಕೈ ಹಾಕಿದಳು.

"ತಗೀಬ್ಯಾಡ" ಎಂದಳು ಅಜ್ಜಿ, ಮುಖ ಆ ಕಡೆ ಮಾಡಿಕೊಂಡು. "ದಾರ್ಯಾಗ ತಂಗಿ ಕೈ ಹಿಡ್ಕೋ."

ಓಣಿಯ ಕಟ್ಟೆಗಳ ಮೇಲೆ ಹೆಂಗಸರಿದ್ದರು. ಅವಳಿಗೆ ಮೊದಲ ಸಲ ಎಲ್ಲರ ಮುಖ ಕಂಡವು. ಒಬ್ಬಳು ತುಟಿ ಸೊಟ್ಟ ಮಾಡಿದ್ದು, ಇನ್ನೊಬ್ಬಳು ಕಿವಿಯಲ್ಲಿ ಪಿಸುಗುಟ್ಟಿದ್ದು, ಎಲ್ಲ ಕಂಡಿತು. ಯಾರೂ ಮಾತಾಡಿಸಲಿಲ್ಲ. ಆ ಮುಖಗಳನ್ನು ನೋಡಿಕೊಂಡೇ ಅವಳು ತಂಗಿಯ ಕೈಹಿಡಿದು ನಡೆದಳು.

ಬಸ್‌ಸ್ಟ್ಯಾಂಡಿನಲ್ಲಿ ಬಾಗಲಕೋಟೆಯ ಬಸ್ಸು ನಿಂತಿತ್ತು. ಬೋರ್ಡು ಅವಳೇ ಓದಿದಳು. ಅದರಾಚೆ, ಬಸ್ಸುಗಳು ತಿರುಗುವ ಕಡೆ, ಹಳದಿ ಬಣ್ಣದ್ದೊಂದು ಅಲುಗಾಡಿತು. ಬಸವೇಶ್ವರಿ ನಿಂತುಬಿಟ್ಟಳು. ಅದು ಕೂಸು. ಹಳದಿ ಅಂಗಿ, ಒಂದು ಕಾಲಲ್ಲಿ ಚಪ್ಪಲಿ, ಕೈಯಲ್ಲಿ ಬಾಳೆಹಣ್ಣು.

"ಯವ್ವಾ! ಕೂಸು ರಸ್ತೆಗೆ ಇಳ್ಯಾಕ ಹತ್ತೈತಿ, ಯಾರ್ದದು? ಹಿಡ್ಕೊಳ್ರೀ!" ಎಂದು ಕೂಗಿದಳು. ಓಣಿಯವರಾರೂ ಯಾವತ್ತೂ ಕೇಳಿರದ ಧ್ವನಿ ಅದು. ಅಂಗಡಿಯ ಬಳಿ ಸಾಮಾನು ಕಟ್ಟುತ್ತಿದ್ದ ಹೆಂಗಸೊಬ್ಬಳು ಓಡಿ ಬಂದು ಕೂಸನ್ನು ಎತ್ತಿಕೊಂಡಳು.

ಕಂಡಕ್ಟರ್ ಸೀಟಿ ಊದಿದ. "ಅಕ್ಕಾ, ಬಸ್ಸು ಹೊಂಟೈತಿ, ಬಾ" ಎಂದು ಮಹೇಶ್ವರಿ ಕೈ ಜಗ್ಗಿದಳು. ಬಸವೇಶ್ವರಿ ಚಾಳೀಸದ ಗಾಜು ಒದ್ದೆಯಾದದ್ದನ್ನು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು. ಆ ತಾಯಿ ಕೂಸನ್ನು ಕಂಕುಳಲ್ಲಿ ಭದ್ರ ಮಾಡಿಕೊಂಡದ್ದನ್ನು ಕಣ್ಣಾರೆ ನೋಡಿ, ಆಮೇಲೆ ಬಸ್ಸು ಹತ್ತಿದಳು.